ಬಿಲ್ಲೆ ಅಕ್ಕನ ಹತ್ತು ನಿಮಿಷ

ಸಂಸ್ಥೆಯ ನೆಲಮಹಡಿಯಲ್ಲಿ ಮೆಟ್ಟಿಲ ಪಕ್ಕದ ಕೋಣೆಗೆ ಫಲಕದಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು. ಫಲಕದ ಹೆಸರು ಮೂರು ಸಾಲು ಉದ್ದವಿದೆ. ಅದನ್ನು ಪೂರ್ತಿ ಓದಿದವನು ಬಹುಶಃ ಅದನ್ನು ಬರೆದ ಪೇಂಟರ್ ಒಬ್ಬನೇ. ಬಾಯಲ್ಲಿ ಅದು ‘ಅಕ್ಕನ ಕೋಣೆ’. ಅಕ್ಕ ಎಂದರೆ ಬಿಲ್ಲೆ ಅಕ್ಕ. ಐವತ್ತೊಂಬತ್ತು ವರ್ಷ, ಕುಳ್ಳು ಮೈಕಟ್ಟು, ಬಲಗೈ ಮಣಿಕಟ್ಟು ಎಡಗೈಗಿಂತ ಒಂದು ಬೆರಳು ದಪ್ಪ. ಆ ದಪ್ಪ ಸುಮ್ಮನೆ ಬಂದದ್ದಲ್ಲ, ಮೂವತ್ತೊಂದು ವರ್ಷ ಅರೆದು ಅರೆದು ಬಂದದ್ದು.

ಮೇಲಿನ ಮಹಡಿಗಳಲ್ಲಿ ದೊಡ್ಡ ಓದು ಓದಿದವರು ಹೊಸ ಹೊಸ ಪದಾರ್ಥಗಳನ್ನು ಕಾಯಿಸಿ, ಕಲಸಿ, ಸೋಸಿ ಹುಟ್ಟಿಸುತ್ತಾರೆ. ಹುಟ್ಟಿದ್ದು ಏನೆಂಬುದು ಹುಟ್ಟಿಸಿದವರಿಗೂ ಗೊತ್ತಿರುವುದಿಲ್ಲ. ತಿಳಿಯಬೇಕಾದರೆ ಎಷ್ಟು ದೊಡ್ಡವರಾದರೂ ಮೆಟ್ಟಿಲಿಳಿದು ಅಕ್ಕನ ಬಾಗಿಲಿಗೆ ಬರಬೇಕು. ಪದಾರ್ಥದ ಮೂಲಕ ಕಣ್ಣಿಗೆ ಕಾಣದ ಅವಗೆಂಪು ಬೆಳಕು ಹಾಯಿಸಿದರೆ, ಅದರೊಳಗಿನ ಪರಮಾಣುಗಳ ಒಂದೊಂದು ಬಂಧವೂ ತನಗೆ ಹಿಡಿಸಿದ ಬೆಳಕನ್ನು ಕುಡಿದುಬಿಡುತ್ತದೆ. ಕುಡಿದ ಕಡೆ ಗ್ರಾಫಿನ ಗೆರೆ ಹಳ್ಳ ಬೀಳುತ್ತದೆ. ಯಾವ ಅಂಕಿಯ ಹತ್ತಿರ ಹಳ್ಳ ಬಿತ್ತು ಎಂದು ನೋಡಿ, ಒಳಗೆ ಯಾರು ಯಾರ ಕೈ ಹಿಡಿದಿದ್ದಾರೆ ಎಂದು ಹೇಳುವ ವಿದ್ಯೆ ಇದು.

ಆದರೆ ಒಣ ಪುಡಿಯೊಳಗೆ ಬೆಳಕು ಹಾಗೆಲ್ಲ ನುಗ್ಗುವುದಿಲ್ಲ. ಒಂದು ಪಾಲು ಪುಡಿಗೆ ನೂರು ಪಾಲು ಬ್ರೋಮೈಡ್ ಉಪ್ಪು ಸೇರಿಸಿ, ಅಂಗೈಯಗಲದ ಅಗೇಟ್ ಕಲ್ಲಿನ ಒರಳಲ್ಲಿ ನುಣ್ಣಗೆ ಅರೆದು, ಉಕ್ಕಿನ ಅಚ್ಚಿನಲ್ಲಿ ತುಂಬಿ, ಟನ್ನುಗಟ್ಟಲೆ ಭಾರ ಹಾಕಿ ಒತ್ತಬೇಕು. ಆಗ ಅಂಗಿಯ ಗುಂಡಿಯಷ್ಟು ದೊಡ್ಡದೊಂದು ಬಿಲ್ಲೆ ಬರುತ್ತದೆ. ಬೇರೆಯವರು ಒತ್ತಿದರೆ ಅದು ನೀರು ಬೆರೆಸಿದ ಹಾಲಿನ ಬಣ್ಣಕ್ಕಿರುತ್ತದೆ. ಅಕ್ಕ ಒತ್ತಿದರೆ ಗಾಜು. ಬಿಲ್ಲೆಯನ್ನು ಪತ್ರಿಕೆಯ ಮೇಲಿಟ್ಟು ಕೆಳಗಿನ ಅಕ್ಷರ ಓದಿ ತೋರಿಸುವುದು ಅವಳ ಹಳೆಯ ಜಂಬ.

ಅವಳು ಸೇರಿದ್ದು ಬೀಕರು, ಸೀಸೆ ತೊಳೆಯುವ ಕೆಲಸಕ್ಕೆ. ಆಗ ಈ ಯಂತ್ರ ನೋಡಿಕೊಳ್ಳುತ್ತಿದ್ದ ಮನುಷ್ಯನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ದಿನ ಐದನೆಯ ಬಿಲ್ಲೆಯೂ ಒಡೆದು ಆತ ಅರೆಯುವ ಗುಂಡನ್ನು ಮೇಜಿಗೆ ಕುಕ್ಕಿದಾಗ, ನೆಲ ಒರೆಸುತ್ತಿದ್ದವಳು, “ಇಲ್ಲಿ ಕೊಡಿ ಸರ್, ಅರೀತೀನಿ” ಎಂದಳು. ಆತ ಗುಂಡು ಕೊಟ್ಟವನು ಮತ್ತೆ ವಾಪಸು ಕೇಳಲೇ ಇಲ್ಲ. ಮುಂದೆ ಯಂತ್ರ ಮೂರು ಸಲ ಬದಲಾಯಿತು, ನಿರ್ದೇಶಕರು ಆರು ಸಲ ಬದಲಾದರು. ಒರಳು ಮಾತ್ರ ಅದೇ, ಅರೆಯುವ ಕೈಯೂ ಅದೇ.

ಅರೆಯುವುದರಲ್ಲಿ ಅವಳದೊಂದು ಶಾಸನವಿತ್ತು. ಕೈಪಿಡಿಯಲ್ಲಿ ಎರಡು ನಿಮಿಷ ಎಂದಿದೆ. ಅಕ್ಕ ಗಡಿಯಾರ ನೋಡಿ ಹತ್ತು ನಿಮಿಷ ಅರೆಯುತ್ತಿದ್ದಳು. “ಪುಸ್ತಕ ಬರೆದೋರು ಅರೆದಿಲ್ಲ, ಅರೆದೋರು ಪುಸ್ತಕ ಬರೆದಿಲ್ಲ” ಎನ್ನುತ್ತಿದ್ದಳು. ಇನ್ನೊಬ್ಬರ ಕೈಗೆ ಗುಂಡು ಕೊಡುವ ಮಾತೇ ಇಲ್ಲ. ವಿದ್ಯಾರ್ಥಿಗಳು ಕೇಳಿದರೆ ಸಿದ್ಧ ಉತ್ತರ: “ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು.”

“ನಾವು ಮಗನೋ ಆಳೋ ಅಕ್ಕ?”

“ನೀವು ಪಿಎಚ್‌ಡಿಯೋರು. ಗಾದೆಯಲ್ಲಿ ನಿಮಗೆ ಜಾಗ ಇಲ್ಲ.”

ಹೀಗೆ ಜಾಗವಿಲ್ಲದವರಲ್ಲಿ ಒಬ್ಬಳು ಗುಂಗುರು ಕೂದಲಿನ ಹುಡುಗಿ. ಅಕ್ಕ ಅವಳನ್ನು ಕರೆಯುತ್ತಿದ್ದದ್ದೇ ‘ಗುಂಗುರು’ ಎಂದು. ನಾಲ್ಕು ವರ್ಷದಿಂದ ಒಂದು ಪುಡಿಯ ಬೆನ್ನು ಹತ್ತಿದ್ದಳು. ಲೋಹದ ಗಂಟುಗಳಿಗೆ ಆಮ್ಲದ ಕಡ್ಡಿಗಳನ್ನು ಕಟ್ಟಿ ಹೆಣೆದ ಪಂಜರದಂಥ ಪುಡಿ. ಕಣ್ಣಿಗೆ ಹಿಟ್ಟು, ಒಳಗೆಲ್ಲ ಖಾಲಿ ಗೂಡು. ಆ ಗೂಡುಗಳಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಕೂಡಿಹಾಕಬೇಕು ಎಂಬುದು ಅವಳ ಆಸೆ. ಇಂಥ ಪುಡಿಗಳು ಈಗ ಲೋಕದ ತುಂಬ ಇವೆ. ಆದರೆ ಇವಳ ಪುಡಿಯ ಬಿಲ್ಲೆಯಲ್ಲಿ, ಸಾವಿರದ ಏಳುನೂರರ ಹತ್ತಿರ, ಹಳೆಯ ಪುಡಿಗಳಲ್ಲಿ ಕಾಣದ ಒಂದು ಹಳ್ಳ ಕಂಡಿತು. ಅನಿಲವನ್ನು ಪುಡಿ ಹೊಸದೊಂದು ಬಂಧದಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದೆ ಎಂದು ಹುಡುಗಿಯೂ ಅವಳ ಪ್ರೊಫೆಸರೂ ಲೆಕ್ಕ ಹಾಕಿದರು. ನಿರ್ವಾತದಲ್ಲಿಟ್ಟು ಅನಿಲ ಎಳೆದು ಹಾಕಿದ ಮೇಲೂ ಹಳ್ಳ ಹೋಗಲಿಲ್ಲ. ಎಷ್ಟು ಭದ್ರವಾಗಿ ಹಿಡಿದಿದೆ ನೋಡಿ ಎಂದು ಇನ್ನಷ್ಟು ಹಿಗ್ಗಿದರು. ಮನುಷ್ಯನಿಗೆ ಒಂದು ಸಲ ಸಂತೋಷ ಹಿಡಿದರೆ ಎದುರಿಗೆ ಬಂದ ಅನುಮಾನವೂ ನೆಂಟನ ಹಾಗೇ ಕಾಣುತ್ತದೆ. ಪ್ರಬಂಧ ಅಚ್ಚಾಯಿತು, ಹೊಗಳಿಕೆ ಬಂತು.

ಎಂಟು ತಿಂಗಳ ಮೇಲೆ ಒಂದು ಪತ್ರವೂ ಬಂತು. ಬೇರೊಂದು ಪ್ರಯೋಗಾಲಯದವರು ಅದೇ ಪುಡಿಯ ಸೀಸೆ ತರಿಸಿಕೊಂಡು ತಮ್ಮ ಯಂತ್ರದಲ್ಲಿ ನೋಡಿದ್ದರು. ಅವರದು ವಜ್ರದ ಹರಳಿರುವ ಯಂತ್ರ. ಉಪ್ಪೂ ಬೇಡ, ಬಿಲ್ಲೆಯೂ ಬೇಡ, ಹರಳಿನ ಮೇಲೆ ಚಿಟಿಕೆ ಪುಡಿ ಇಟ್ಟು ಒತ್ತಿದರೆ ಮುಗಿಯಿತು. ಅಲ್ಲಿ ಹಳ್ಳ ಇರಲಿಲ್ಲ. ಉಳಿದ ಪುಡಿಯ ಸೀಸೆಗೆ ಸೀಲ್ ಹಾಕಿ ಪತ್ರದ ಜೊತೆಗೇ ವಾಪಸು ಕಳಿಸಿದ್ದರು. ಪತ್ರದ ಕೊನೆಗೆ ಸಭ್ಯವಾದ ಭಾಷೆಯಲ್ಲಿ ವಿಷ ಇತ್ತು: ನಿಮ್ಮ ಗ್ರಾಫಿನ ಹಳ್ಳ, ಈ ಪುಡಿ ತಯಾರಿಸಲು ಬಳಸುವ ಹಸಿ ಆಮ್ಲದ ಹಳ್ಳವನ್ನೇ ಹೋಲುತ್ತದೆ, ಬಿಲ್ಲೆಗೆ ಕೊಡುವ ಮುನ್ನ ಯಾರಾದರೂ ಪುಡಿಗೆ ಚಿಟಿಕೆ ಆಮ್ಲ ಬೆರೆಸಿದ್ದರೆ ಹೀಗಾಗಬಹುದು.

ಸಂಸ್ಥೆ ಮೂವರ ಸಮಿತಿ ಮಾಡಿತು. ಅದರ ಮುಖ್ಯಸ್ಥೆ ಬೇರೆ ವಿಭಾಗದ ಬಿಳಿಗೂದಲ ಮೇಡಂ, ಕಟ್ಟುನಿಟ್ಟಿಗೆ ಹೆಸರಾದವರು. ಅವರ ತರ್ಕಕ್ಕೆ ಬಿರುಕಿರಲಿಲ್ಲ. ಸೀಸೆಯ ಪುಡಿಯಲ್ಲಿ ಇಲ್ಲ, ನಿನ್ನ ಗ್ರಾಫಿನಲ್ಲಿ ಇದೆ. ಹಾಗಾದರೆ ನಡುವೆ ಏನು ಬೆರೆಸಿದೆ? ಹುಡುಗಿ, ಏನೂ ಬೆರೆಸಿಲ್ಲ ಎಂದಳು. ಮೂರು ವಾರದಲ್ಲಿ ಅದನ್ನೇ ನಾಲ್ಕು ಸಲ ಹೇಳಿದಳು. ಶುಕ್ರವಾರ ಕೊನೆಯ ವಿಚಾರಣೆ. ತಪ್ಪೆಂದು ತೀರ್ಮಾನವಾದರೆ ಅವಳ ಹೆಸರನ್ನು ಪಿಎಚ್‌ಡಿ ಪಟ್ಟಿಯಿಂದ ತೆಗೆಯುತ್ತಾರೆ. ನಾಲ್ಕು ವರ್ಷ ಹೋಗುವುದು ಹಾಗಿರಲಿ, ‘ಕಲಬೆರಕೆ ಮಾಡಿದವಳು’ ಎಂಬ ಮಾತು ಅವಳಿಗಿಂತ ಮೊದಲೇ ಮುಂದಿನ ಊರು ತಲುಪಿರುತ್ತದೆ.

ಬುಧವಾರ ಬೆಳಿಗ್ಗೆ ಗುಂಗುರು ಅಕ್ಕನ ಕೋಣೆಯ ಕಪಾಟಿನಲ್ಲಿದ್ದ ತನ್ನ ಸೀಸೆಗಳನ್ನು ಎತ್ತಿಕೊಳ್ಳಲು ಬಂದಳು. ಕಣ್ಣು ಊದಿತ್ತು.

“ಯಾಕೆ ಎತ್ತಿಕೊಳ್ತಿದೀಯ? ಇಡು ಅಲ್ಲೇ,” ಎಂದಳು ಅಕ್ಕ. “ನನ್ನ ಬಿಲ್ಲೆಯಲ್ಲಿ ಹಳ್ಳ ಬಿದ್ದಿದೆ ಅಂದ್ರೆ ಪುಡಿಯಲ್ಲಿ ಅದು ಇದ್ದೇ ಇದೆ. ಆ ವಜ್ರದ ಯಂತ್ರಕ್ಕೆ ಪೊರೆ ಬಂದಿರಬೇಕು.”

ಹುಡುಗಿ ಕೈಯಲ್ಲಿದ್ದ ಸೀಸೆಯನ್ನು ಮತ್ತೆ ಕಪಾಟಿನಲ್ಲಿಟ್ಟಳು. “ಅಕ್ಕ, ಒಂದು ವಿಷಯ. ಬೈಬೇಡಿ.”

“ಬೈಯೋದು ಬಿಡೋದು ಕೇಳಿದ ಮೇಲೆ.”

“ಹೋದ ವರ್ಷ ಅಂಕಲ್‌ಗೆ ಆಪರೇಷನ್ ಅಂತ ನೀವು ಒಂದು ವಾರ ರಜೆ ಹಾಕಿದ್ರಲ್ಲ, ಆಗ ನನಗೆ ತಡೆಯೋಕಾಗಲಿಲ್ಲ. ನಾನೇ ಅರೆದು ಒಂದು ಬಿಲ್ಲೆ ಒತ್ತಿದೆ.”

ಅಕ್ಕನ ಕೈ ತಾನಾಗಿ ಒರಳ ಮೇಲೆ ಹೋಯಿತು. “ನನ್ನ ಒರಳಲ್ಲಾ?”

“ನಿಮ್ಮ ಒರಳಲ್ಲೇ. ಬಿಲ್ಲೆ ಕೆಟ್ಟದಾಗಿ ಬಂತು, ಬೆಳ್ಳಗೆ. ಗ್ರಾಫೂ ಸೊಟ್ಟಗಿತ್ತು. ಕೆಟ್ಟ ಬಿಲ್ಲೆ ಅಂತ ಎಸೆದುಬಿಟ್ಟೆ. ಆದ್ರೆ ನಿನ್ನೆ ಆ ಗ್ರಾಫ್ ಹುಡುಕಿ ತೆಗೆದೆ.” ಅವಳು ಚೀಲದಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದಳು. “ಬೇರೆಲ್ಲ ಹಳ್ಳ ಇವೆ ಅಕ್ಕ. ಸಾವಿರದ ಏಳುನೂರರದು ಇಲ್ಲ.”

ಬೈಗುಳ ಅಕ್ಕನ ನಾಲಿಗೆಯ ತುದಿಯವರೆಗೆ ಬಂದಿತ್ತು, ಅಲ್ಲೇ ನಿಂತಿತು. “ಎಷ್ಟು ಹೊತ್ತು ಅರೆದೆ?”

“ಅರ್ಧ ನಿಮಿಷ. ನೀವು ಬಂದುಬಿಟ್ಟರೆ ಅಂತ ಭಯ.”

“ರಜೆಯಲ್ಲಿ ಇದ್ದೋಳು ಎಲ್ಲಿಂದ ಬರ್ತೀನಿ?”

“ಭಯಕ್ಕೆ ರಜೆ ಇಲ್ವಲ್ಲ ಅಕ್ಕ.”

ಅಕ್ಕ ನಗಲಿಲ್ಲ. ಕಿವಿಯಲ್ಲಿ ಬೇರೊಂದು ಸದ್ದು ಕೇಳುತ್ತಿತ್ತು. ಯಾವ ಪುಡಿಯಾದರೂ ಅರೆಯುವಾಗ ಗುಂಡಿನ ಕೆಳಗೆ ಕರಕರ ಎನ್ನುತ್ತದೆ. ಜೇಡಿ, ಸಿಮೆಂಟು, ಬಣ್ಣದ ಪುಡಿಗಳು ಹತ್ತು ನಿಮಿಷವಾದರೂ ಗೊಣಗುವುದನ್ನು ಬಿಡುವುದಿಲ್ಲ. ಈ ಹುಡುಗಿಯ ಪುಡಿಯಾದರೋ ನಾಲ್ಕು ನಿಮಿಷಕ್ಕೇ ತೆಪ್ಪಗಾಗುತ್ತಿತ್ತು. ಬೆಣ್ಣೆಯ ಹಾಗೆ ಅರೆಯುತ್ತದೆ ಎಂದು ಅಕ್ಕ ಖುಷಿಪಟ್ಟಿದ್ದಳು. ಆಮೇಲೂ ಆರು ನಿಮಿಷ ಬಿಡದೆ ತೇದಿದ್ದಳು.

ಅವಳು ದೀಪ ಹಾಕಿ, ಒಣಗಿಸುವ ಓವನ್‌ನಿಂದ ಉಪ್ಪು ತೆಗೆದು, ಹುಡುಗಿಯ ಸೀಸೆಯಿಂದಲೇ ಪುಡಿ ತೂಗಿದಳು. ಮೊದಲು ಅರ್ಧ ನಿಮಿಷ ಅರೆದು ಒಂದು ಬಿಲ್ಲೆ. ತನ್ನ ಕೈಯಿಂದ ಅಂಥ ಕುರೂಪಿ ಬಿಲ್ಲೆ ಬಂದದ್ದನ್ನು ನೋಡಿ ಅವಳಿಗೆ ನಾಚಿಕೆಯಾಯಿತು. ಹಳ್ಳ ಇಲ್ಲ. ಎರಡು ನಿಮಿಷದ್ದು: ಇಲ್ಲ. ಐದು ನಿಮಿಷದ್ದು: ಗೆರೆ ಅಲ್ಲಿ ಸ್ವಲ್ಪ ಬಾಗಿತ್ತು. ಹತ್ತು ನಿಮಿಷದ್ದು ಗಾಜಿನಂಥ ಬಿಲ್ಲೆ, ಆಳವಾದ ಹಳ್ಳ.

ಪುಡಿ ಅನಿಲವನ್ನು ಹಿಡಿದಿರಲಿಲ್ಲ. ಅರೆದ ಏಟಿಗೆ ಪಂಜರ ಮುರಿದು, ಗಂಟು ಬಿಚ್ಚಿಕೊಂಡ ಆಮ್ಲದ ಕಡ್ಡಿಗಳು ಹೊರಗೆ ಕಾಣಿಸಿಕೊಂಡಿದ್ದವು. ಹಸಿ ಆಮ್ಲ ಬೆರೆಸಿದ ಹಾಗೆ ಕಂಡದ್ದು ಅದಕ್ಕೇ. ಹಳೆಯ ಪುಡಿಗಳು ಗಟ್ಟಿಯಾಗಿದ್ದರಿಂದ ಅಕ್ಕನ ಗುಂಡನ್ನು ತಡೆದುಕೊಂಡಿದ್ದವು. ಇದು ಮೆತ್ತನೆಯದು, ತಡೆಯಲಿಲ್ಲ. ಲೋಕದಲ್ಲಿ ಬೇರೆ ಯಾರೂ ಒಂದು ಚಿಟಿಕೆ ಪುಡಿಯನ್ನು ಹತ್ತು ನಿಮಿಷ ಅರೆಯುವಷ್ಟು ಹಠಮಾರಿಗಳಲ್ಲ, ಆದ್ದರಿಂದ ಬೇರೆ ಯಾರಿಗೂ ಅದು ಕಂಡಿರಲಿಲ್ಲ.

“ನೀನೇನೂ ಬೆರೆಸಿಲ್ಲ,” ಎಂದಳು ಅಕ್ಕ. “ಮುರಿದೋಳು ನಾನು.”

ಹುಡುಗಿ ಅತ್ತಳು. ನಾಲ್ಕು ವರ್ಷದ ಪುಡಿ ಕೈಬಿಟ್ಟ ದುಃಖವೋ, ತಾನು ಕಳ್ಳಿಯಲ್ಲ ಎಂದು ಇನ್ನೊಬ್ಬರಿಗೂ ಗೊತ್ತಾದ ಸಮಾಧಾನವೋ, ಅವಳಿಗೇ ತಿಳಿಯದಂಥ ಅಳು. ಅಕ್ಕ ಅವಳ ತಲೆ ಸವರಿದಳು. ಒಳಗೆ ಅವಳಿಗೂ ಭಯವಾಗಿತ್ತು. ಮೂವತ್ತೊಂದು ವರ್ಷದ ಬಿಲ್ಲೆಗಳು ಕಣ್ಣ ಮುಂದೆ ಸಾಲುಗಟ್ಟಿ ನಿಂತಿದ್ದವು. ಅವುಗಳಲ್ಲಿ ಇನ್ನೆಷ್ಟನ್ನು ಈ ಕೈ ಮುರಿದಿದೆಯೋ?

ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಅವನು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತನಾದರೂ ಲೋಕವನ್ನೆಲ್ಲ ಬಸ್ಸಿನ ಲೆಕ್ಕದಲ್ಲೇ ನೋಡುತ್ತಾನೆ. ಪೂರ್ತಿ ಕೇಳಿ, ನೀರು ಕುಡಿದು, “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು,” ಎಂದ. “ಕಂಡಕ್ಟರ್ ತಪ್ಪು ಟಿಕೆಟ್ ಹರಿದುಕೊಟ್ಟ, ತಪಾಸಣೆಯೋರು ಪ್ಯಾಸೆಂಜರ್‌ನ ಇಳಿಸ್ತಿದಾರೆ. ಕಂಡಕ್ಟರ್ ಹಿಂದೆ ಕೂತು ನೋಡ್ತಾ ಇರ್ತಾನಾ?”

“ನೋಡ್ತಾ ಇರೋಳಾಗಿದ್ರೆ ನಿಮ್ಮ ಹತ್ರ ಯಾಕೆ ಹೇಳ್ತಿದ್ದೆ ರೀ? ಹೇಗೆ ಹೇಳೋದು ಅಂತ ಯೋಚನೆ.”

“ಹೇಗೆ ಅಂದ್ರೆ?”

“ನಾನು ಅರೆದು ತೋರಿಸಿದ್ರೆ, ಹುಡುಗಿ ಮೇಲಿನ ಮಮತೆಗೆ ಏನೋ ಕೈಚಳಕ ಮಾಡಿದಳು ಅಂತಾರೆ. ಅವಳು ಅರೆದು ತೋರಿಸಿದ್ರೆ, ಮತ್ತೆ ಬೆರೆಸಿದಳು ಅಂತಾರೆ.”

ಗಂಡ ಅದಕ್ಕೆ ಬಸ್ಸಿನಲ್ಲಿ ಉತ್ತರ ಹುಡುಕಿ ಸೋತು, ಇನ್ನೊಂದು ತುತ್ತು ಬಾಯಿಗಿಟ್ಟ.

ಗುರುವಾರ ಅಕ್ಕ ಪ್ರೊಫೆಸರ ಬಳಿ ಹೋಗಿ ನಾಲ್ಕು ಗ್ರಾಫುಗಳನ್ನೂ ಮುಂದಿಟ್ಟಳು. ಅವರು ಕೆಟ್ಟವರಲ್ಲ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾತಿ. ಎರಡು ಸಲ ಗ್ರಾಫ್ ನೋಡಿ, ಬಾಗಿಲು ಹಾಕಿ ಬಂದು ಕೂತರು.

“ಅಕ್ಕ, ಇದು ಸಮಿತಿ ಮುಂದೆ ಹೋದ್ರೆ ನಿಮ್ಮ ಕೋಣೆಯಿಂದ ಹೊರಟ ಪ್ರತಿ ಗ್ರಾಫನ್ನೂ ಜನ ಅನುಮಾನದಿಂದ ನೋಡ್ತಾರೆ. ನಿಮಗೆ ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ನಿಮ್ಮ ಹೆಸರನ್ನ ಯಾರೂ ಎತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?”

“ಹೆಗಲ ಮೇಲೆ ಬೂದಿ ಇದೆ ಸರ್, ಅದಕ್ಕೆ,” ಎಂದಳು ಅಕ್ಕ. “ಅನುಮಾನ ಬಂದ್ರೆ ಬರಲಿ. ಮೆತ್ತಗಿನ ಪುಡಿಗಳ ಪಟ್ಟಿ ಮಾಡಿದೀನಿ. ಹನ್ನೊಂದು ಇವೆ. ನಾಲ್ಕು ತಿಂಗಳು ಅಷ್ಟನ್ನೂ ಮತ್ತೆ ಅರೆದು ನೋಡೋಕೆ ಸಾಕು.”

ಪ್ರೊಫೆಸರು ತಲೆ ತಗ್ಗಿಸಿದರು. ಅವರ ಕಿವಿ ಕೆಂಪಾದದ್ದನ್ನು ಅಕ್ಕ ನೋಡಿ, ನೋಡದವಳಂತೆ ಎದ್ದು ಬಂದಳು.

ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ. ಅಕ್ಕ ಬಾಗಿಲು ತಟ್ಟಿ ಒಳಗೆ ಹೋದಳು. ಉದ್ದನೆಯ ಮೇಜಿನ ಒಂದು ಕಡೆ ಮೂವರು, ಇನ್ನೊಂದು ಕಡೆ ಗುಂಗುರು ಒಬ್ಬಳೇ. ಮೂಲೆಯ ಕುರ್ಚಿಯಲ್ಲಿ ಪ್ರೊಫೆಸರು.

“ನಿಮ್ಮನ್ನ ಕರೆದಿಲ್ವಲ್ಲ,” ಎಂದರು ಬಿಳಿಗೂದಲ ಮೇಡಂ.

“ಕರೆದಿಲ್ಲ ಮೇಡಂ. ಆದ್ರೆ ಪುಡಿಗೂ ಗ್ರಾಫಿಗೂ ನಡುವೆ ಏನಾಯ್ತು ಅಂತ ಕೇಳ್ತಿದೀರಂತೆ. ನಡುವೆ ಇರೋಳು ನಾನು.”

ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಹತ್ತು ನಿಮಿಷದ ಅಭ್ಯಾಸ, ಮೆತ್ತಗಿನ ಪುಡಿ, ಬುಧವಾರದ ನಾಲ್ಕು ಬಿಲ್ಲೆ. ದನಿ ನಡುಗಲಿಲ್ಲ. ಗೊತ್ತಿದ್ದುದನ್ನು ಹೇಳುವಾಗ ಅವಳ ದನಿ ಎಂದೂ ನಡುಗಿದ್ದಿಲ್ಲ. ಮೇಡಂ ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು.

“ಚೆನ್ನಾಗಿದೆ. ಆದರೆ ಇವನ್ನ ಮಾಡಿದ್ದು ನೀವು. ಪುಡಿ ಇವಳ ಸೀಸೆಯದು. ನಿಮ್ಮಿಬ್ಬರ ಮಾತು ಬಿಟ್ಟು ನನ್ನ ಹತ್ತಿರ ಬೇರೆ ಸಾಕ್ಷಿ ಏನಿದೆ?”

“ಆ ಹೊರಗಿನೋರು ವಾಪಸು ಕಳಿಸಿದ ಸೀಸೆ ನಿಮ್ಮ ಹತ್ರಾನೇ ಇದೆಯಲ್ಲ ಮೇಡಂ, ಸೀಲ್ ಸಮೇತ?”

“ಇದೆ.”

“ತಗೊಂಡು ಕೆಳಗೆ ಬನ್ನಿ. ನಾನು ಮುಟ್ಟಲ್ಲ, ಅವಳೂ ಮುಟ್ಟಲ್ಲ. ನೀವೇ ಅರೀರಿ.”

ಸಮಿತಿಯ ಉಳಿದಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಕನ್ನಡಕ ತೆಗೆದು ಒರೆಸಿದರು. “ನಾನು ಒರಳು ಮುಟ್ಟಿ ಇಪ್ಪತ್ತೈದು ವರ್ಷ ಆಯ್ತು.”

“ಕೈಗೆ ನೆನಪಿರುತ್ತೆ ಮೇಡಂ.”

ಎಲ್ಲರೂ ಮೆಟ್ಟಿಲಿಳಿದರು. ಅಕ್ಕನ ಕೋಣೆಯಲ್ಲಿ ಅಷ್ಟು ಜನ ನಿಲ್ಲಲು ಜಾಗವಿರಲಿಲ್ಲ. ಪ್ರೊಫೆಸರು ಬಾಗಿಲಲ್ಲೇ ನಿಂತರು. ಮೇಡಂ ಸೀಲ್ ಒಡೆದರು, ಪುಡಿ ತೂಗಿದರು, ಉಪ್ಪು ತೂಗಿದರು. ಸಮಿತಿಯ ಒಬ್ಬರು, “ಉಪ್ಪಿನಲ್ಲೋ ಒರಳಲ್ಲೋ ಏನಾದರೂ ಇದ್ದರೆ?” ಎಂದು ಕೇಳಿದರು.

“ಒಳ್ಳೆ ಪ್ರಶ್ನೆ ಸರ್. ಅದಕ್ಕೇ ಮೊದಲು ಅರ್ಧ ನಿಮಿಷದ್ದು. ಅದೇ ಉಪ್ಪು, ಅದೇ ಒರಳು.”

ಅರ್ಧ ನಿಮಿಷದ ಬಿಲ್ಲೆ ಬೆಳ್ಳಗೆ ಬಂತು. ಯಂತ್ರ ಗೆರೆ ಎಳೆಯಿತು. ಸಾವಿರದ ಏಳುನೂರರ ಹತ್ತಿರ ನೆಲ ಸಮತಟ್ಟಾಗಿತ್ತು.

ಮೇಡಂ ಒರಳು ಒರೆಸಿ, ಮತ್ತೆ ತೂಗಿ, ಗುಂಡು ಹಿಡಿದರು. ಅಕ್ಕ ಗಡಿಯಾರದ ಕಡೆ ತಿರುಗಿ ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ತನ್ನ ಒರಳಲ್ಲಿ ಇನ್ನೊಬ್ಬರು ಅರೆಯುವುದನ್ನು ನೋಡುತ್ತ ನಿಲ್ಲುವುದು ಅವಳಿಗೆ ಹಲ್ಲು ಕೀಳಿಸಿಕೊಂಡಷ್ಟೇ ಕಷ್ಟವಾಗಿತ್ತು. ಒಂದು ನಿಮಿಷ ತಡೆದಳು, ಎರಡನೆಯದಕ್ಕೆ ಆಗಲಿಲ್ಲ.

“ಕುಟ್ಟಬೇಡಿ ಮೇಡಂ, ತೇಯಿರಿ. ಮೊಣಕೈ ಮೇಜಿಗೆ ಊರಿ.”

ಮೇಡಂ ಮೊಣಕೈ ಊರಿದರು. ಮೂರು ನಿಮಿಷಕ್ಕೆ ಉಸಿರು ಜೋರಾಯಿತು. ನಾಲ್ಕಕ್ಕೆ ಪುಡಿಯ ಕರಕರ ನಿಂತಿತು. ಅವರೂ ಅದನ್ನು ಕೇಳಿಸಿಕೊಂಡು ತಲೆ ಎತ್ತಿ ಅಕ್ಕನನ್ನು ನೋಡಿದರು. “ಇನ್ನೂ ಆರಿದೆ,” ಎಂದಳು ಅಕ್ಕ. ಏಳಕ್ಕೆ ಕೈ ಬದಲಾಯಿಸಲು ನೋಡಿದರು, ಎಡಗೈ ಬಗ್ಗಲಿಲ್ಲ, ಬಲಗೈಗೇ ಬಂದರು. ಗುಂಗುರು ಗೋಡೆಗೆ ಒರಗಿ ತನ್ನ ಬೆರಳುಗಳನ್ನು ಎಣಿಸುವವಳ ಹಾಗೆ ಹಿಸುಕಿಕೊಳ್ಳುತ್ತಿದ್ದಳು.

ಹತ್ತಾಯಿತು. ಅಚ್ಚಿಗೆ ತುಂಬಿದ್ದೂ ಅವರೇ, ಸನ್ನೆಕೋಲು ಒತ್ತಿದ್ದೂ ಅವರೇ. ಅವರ ಬಿಲ್ಲೆ ಅಕ್ಕನ ಬಿಲ್ಲೆಯಷ್ಟು ತಿಳಿಯಾಗಿರಲಿಲ್ಲ, ಆದರೂ ತಕ್ಕಮಟ್ಟಿಗೆ ಗಾಜೇ. ಯಂತ್ರದೊಳಗಿಟ್ಟು ಬಾಗಿಲು ಮುಚ್ಚಿದರು. ಪರದೆಯ ಮೇಲೆ ಗೆರೆ ಮೆಲ್ಲನೆ ಎಡದಿಂದ ಹೊರಟು, ಎಲ್ಲ ಹಳ್ಳಗಳನ್ನೂ ಇಳಿದು ಹತ್ತಿ, ಸಾವಿರದ ಏಳುನೂರರ ಬಳಿ ಬಂದಾಗ ನೆಟ್ಟಗೆ ಕೆಳಗಿಳಿಯಿತು.

ಮೇಡಂ ಪರದೆಗೆ ಬೆರಳಿಟ್ಟು ಅಂಕಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಬೆರಳಿಗೆ ಮೆತ್ತಿದ್ದ ಉಪ್ಪನ್ನು ನೋಡಿಕೊಂಡರು.

“ಏನು ಬೆರೆಸಿದ್ರಿ ಮೇಡಂ?” ಎಂದು ಕೇಳಿದಳು ಅಕ್ಕ. ಕೇಳಿದ ದನಿಯಲ್ಲಿ ಕುಹಕವಿರಲಿಲ್ಲ; ಮೂರು ವಾರ ಹುಡುಗಿಯನ್ನು ಕೇಳಿದ್ದ ಪ್ರಶ್ನೆಯನ್ನೇ ಹಾಗೆಯೇ ಕೇಳಿದಳು.

“ಏನೂ ಬೆರೆಸಿಲ್ಲ,” ಎಂದರು ಮೇಡಂ, ಮತ್ತು ಹಾಗೆ ಹೇಳಿದ ಮೇಲೆ ಗೋಡೆಯ ಕಡೆ ತಿರುಗಿ ಗುಂಗುರುವನ್ನು ಮೊದಲ ಸಲ ಕಣ್ಣಿಟ್ಟು ನೋಡಿದರು.

“ಅವಳೂ ಅದನ್ನೇ ಹೇಳಿದ್ದು,” ಎಂದಳು ಬಿಲ್ಲೆ ಅಕ್ಕ.